ಬಾಲದ ಅಳತೆ

ಫೆಬ್ರವರಿ 3

ಮಾವ,

ನಾಲ್ಕು ತಿಂಗಳಿಂದ ನಿಮಗೆ ಬರೆದಿಲ್ಲ, ಗೊತ್ತು. ಬೈಯುವುದಿದ್ದರೆ ಉತ್ತರದಲ್ಲಿ ಬೈಯಿರಿ. ಈಗ ಕೆಲಸದ ಮಾತು.

ನಮ್ಮೂರಿನ ಫ್ಲೈಯಿಂಗ್ ಕ್ಲಬ್ಬಿಗೆ ಐವತ್ತು ವರ್ಷವಾಯಿತಂತೆ. ಏಪ್ರಿಲ್ 30ಕ್ಕೆ ವಿಮಾನ ನಿಲ್ಲಿಸುವ ಹಳೆಯ ಹ್ಯಾಂಗರಿನಲ್ಲಿ ಪ್ರದರ್ಶನ. ಅದರ ಪುಸ್ತಿಕೆ ನಮ್ಮ ಪ್ರೆಸ್ಸಿಗೇ ಅಚ್ಚಿಗೆ ಬಂದಿದೆ. ನಾನು ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಚುವವಳು. ಮಡಚುವ ಹಾಳೆಯನ್ನೆಲ್ಲ ಓದುವ ಚಾಳಿ ನನಗಿದೆ. ಓದಿದ್ದನ್ನೆಲ್ಲ ನಂಬುವ ಚಾಳಿಯೂ ಇದೆ ಎಂದು ನೀವೇ ಒಮ್ಮೆ ಛೇಡಿಸಿದ್ದಿರಿ. ಹನ್ನೊಂದನೇ ಪುಟದಲ್ಲಿ ಅಪ್ಪನ ವಿಮಾನದ ಫೋಟೊ ಇದೆ. ಕೆಳಗೆ ಎರಡು ಸಾಲು: “ನಮ್ಮದೇ ಕಾರ್ಯಾಗಾರದಲ್ಲಿ ತಯಾರಾದ ಏಕೈಕ ಅಂಚೆ ವಿಮಾನ. ಮೂರನೇ ಹಾರಾಟದಲ್ಲಿ ಚಾಲಕನ ಅಜಾಗರೂಕತೆಯಿಂದ ನಾಶವಾಯಿತು.”

ನಾಶವಾದದ್ದು ವಿಮಾನವಂತೆ. ಅದರೊಳಗೆ ಒಬ್ಬ ಮನುಷ್ಯನಿದ್ದ, ಅವನೂ ಸತ್ತ ಎಂಬುದಕ್ಕೆ ಮೂರನೇ ಸಾಲು ಸಿಗಲಿಲ್ಲ ಅವರಿಗೆ.

ಊಟದ ಬಿಡುವಿನಲ್ಲಿ ಸೈಕಲ್ ಹತ್ತಿ ಕ್ಲಬ್ಬಿಗೆ ಹೋದೆ. ಕಾರ್ಯದರ್ಶಿ ಒಳ್ಳೆಯವರೇ, ಅದೇ ತೊಂದರೆ. “ನೋಡಮ್ಮ, ವಿಚಾರಣೆಯ ವರದಿಯಲ್ಲಿ ಇದ್ದದ್ದನ್ನು ಹಾಕಿದ್ದೀವಿ. ನಮಗೇನು ನಿಮ್ಮ ತಂದೆ ಮೇಲೆ ಹಗೆಯಾ?” ಎಂದರು. ಪುಸ್ತಿಕೆ ಅಚ್ಚಾಗಿದೆ, ಹೋಗಲಿ. ಆದರೆ ಇದೇ ಮಾತು ಹ್ಯಾಂಗರಿನ ಗೋಡೆಯ ಮೇಲೆ ಫಲಕವಾಗಿ ಬರುತ್ತದೆ, ಬಂದರೆ ಅಲ್ಲೇ ಉಳಿಯುತ್ತದೆ. ವಿಮಾನದಲ್ಲೇ ದೋಷವಿತ್ತು ಎಂದೆ. “ತೋರಿಸೋರು ಯಾರು? ವಿಮಾನವೇ ಇಲ್ಲವಲ್ಲ” ಎಂದರು. ನನ್ನ ಬಾಯಿಂದ ಹೊರಬಿತ್ತು: “ಅಳತೆಗೆ ಸರಿಯಾಗಿ ಒಂದು ಮಾದರಿ ಮಾಡಿ ಹಾರಿಸಿ ತೋರಿಸ್ತೀನಿ. ಅದು ಬೀಳುತ್ತೆ.” ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ, “ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಸಮಿತಿ ಸಭೆ. ತೋರಿಸು. ಒಪ್ಪಿಗೆಯಾದರೆ ಫಲಕ ಬದಲಾಯಿಸ್ತೀವಿ” ಎಂದರು.

ಆ ವಿಮಾನದ ನಕ್ಷೆ ಬರೆದವರು ನೀವು. ನಕ್ಷೆ ಬೇಕು. ನಿಮ್ಮ ಕಪಾಟಿನಲ್ಲಿ ನಲವತ್ತು ಮಾದರಿಗಳಿವೆ, ಇದೊಂದು ಇಲ್ಲ. ಇದನ್ನು ನಾನು ಮಾಡುತ್ತೇನೆ.

ಅಮ್ಮನಿಗೆ ಹೇಳಿಲ್ಲ. ನೀವೂ ಬರೆಯಬೇಡಿ.

ಚೂಟಿ


ಫೆಬ್ರವರಿ 19

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಸಿಕ್ಕಿ ಬಹಳ ದಿನವಾಯಿತು. ಪಂಪ್ ಕಾರ್ಖಾನೆಯಲ್ಲಿ ಹೊಸ ಮಾದರಿಯ ಕವಾಟ, ಅದರ ನಕ್ಷೆ ಮೂರು ಸಲ ತಿದ್ದಿಸಿದರು. ಜೊತೆಗೆ ಕೆಮ್ಮು. ನೆಪ ಎಂದು ನೀನು ಅಂದುಕೊಳ್ಳುತ್ತೀ, ಅಂದುಕೋ.

ನೀನು ಮಾದರಿ ಮಾಡಲು ಹೊರಟದ್ದು ನನಗೆ ಸಂತೋಷ. ನೂರು ವರ್ಷಕ್ಕೂ ಹಿಂದೆ ಒಬ್ಬ ಫ್ರೆಂಚ್ ತರುಣ ರಬ್ಬರ್ ಎಳೆ ತಿರುಚಿ, ಅಂಗೈಯಗಲದ ಬಾಲ ಕಟ್ಟಿ, ಒಂದು ಉದ್ಯಾನದಲ್ಲಿ ಪುಟ್ಟ ವಿಮಾನ ಹಾರಿಸಿದ. ಹನ್ನೊಂದು ಸೆಕೆಂಡು ನೆಟ್ಟಗೆ ಹೋಯಿತು. ಮನುಷ್ಯನನ್ನು ಹೊತ್ತ ವಿಮಾನ ಬರಲು ಇನ್ನೂ ಮೂವತ್ತು ವರ್ಷವಿತ್ತು. ಆ ವಿಮಾನ ಮಾಡಿದ ಅಣ್ಣತಮ್ಮಂದಿರಿಗೂ ಎಳೆಯ ವಯಸ್ಸಿನಲ್ಲಿ ಅಪ್ಪ ತಂದುಕೊಟ್ಟದ್ದು ರಬ್ಬರ್ ತಿರುಚುವ ಆಟಿಕೆಯೇ. ನಾವೆಲ್ಲ ದೊಡ್ಡ ವಿಮಾನ ನೋಡಿ ಚಿಕ್ಕದನ್ನು ಮಾಡುತ್ತೇವೆ. ಅವರು ಚಿಕ್ಕದು ನೋಡಿ ದೊಡ್ಡದನ್ನು ಮಾಡಿದರು. ಇದನ್ನು ಯೋಚಿಸುತ್ತ ಕೂತರೆ ನನಗೆ ಕಾರ್ಖಾನೆಯ ಗಂಟೆ ಹೊಡೆದದ್ದೂ ಕೇಳುವುದಿಲ್ಲ.

ಆ ನಕ್ಷೆ ಎಲ್ಲಿಟ್ಟಿದ್ದೇನೋ, ಹುಡುಕಬೇಕು. ಅಷ್ಟರಲ್ಲಿ ಬೇರೆ ಯಾವುದಾದರೂ ಮಾಡಿ ಕೈ ಪಳಗಿಸಿಕೋ. ಸಮುದ್ರ ದಾಟಿದ ಮೊದಲ ವಿಮಾನದ ನಕ್ಷೆ ನನ್ನ ಬಳಿ ಇದೆ, ಸುಲಭದ್ದು. ಕಳಿಸಲೇ?

ಅಕ್ಕನ ಮಂಡಿನೋವು ಹೇಗಿದೆ?

ಮಾವ


ಫೆಬ್ರವರಿ 22

ಮಾವ,

ನಾನು ಕೇಳಿದ್ದು ನಕ್ಷೆ. ಬಂದದ್ದು ಇತಿಹಾಸದ ಪಾಠ. ಪಾಠ ಚೆನ್ನಾಗಿದೆ. ನಕ್ಷೆ ಎಲ್ಲಿ?

ಹದಿನಾರು ದಿನ ಅಂಚೆಯವನ ದಾರಿ ಕಾದೆ. ಅವನಿಗೇ ನನ್ನ ಮೇಲೆ ಕರುಣೆ ಹುಟ್ಟಿ, “ಏನಮ್ಮ, ಮದುವೆ ಮಾತುಕತೆಯಾ?” ಎಂದು ಕೇಳಿದ. ನಿಮ್ಮ ಕವಾಟ, ಕೆಮ್ಮು, ಫ್ರೆಂಚ್ ತರುಣ ಎಲ್ಲರಿಗೂ ನಮಸ್ಕಾರ. ಪ್ರಯೋಗ ಒಂದೇ ಸುಳ್ಳು ಹೇಳುವುದಿಲ್ಲ, ಮಿಕ್ಕ ಸಾಕ್ಷಿಗಳೆಲ್ಲ ಯಾರದೋ ಸಂಬಳ ತಿನ್ನುತ್ತಿರುತ್ತವೆ ಎಂದು ಕಳೆದ ವಾರ ಮಡಚಿದ ಒಂದು ಕರಪತ್ರದಲ್ಲಿತ್ತು. ನೀವು ನಗಬಹುದು. ನನಗೆ ಕಾಲೇಜು ಅದೇ.

ಅಮ್ಮನಿಗೆ ಗೊತ್ತಾಯಿತು. ಕೈ ಪಳಗಿಸಲು ಕೊರೆದ ಬಾಲ್ಸಾ ಎಂಬ ಹಗುರ ಮರದ ಪುಡಿ ನನ್ನ ಸೆರಗಿನಲ್ಲಿತ್ತು. ಏನಿದು ಎಂದು ಕೇಳಿದಳು, ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸದೆ, “ನಿನ್ನಪ್ಪ ಹಾಲು ಕಾಯೋಕ್ಕೆ ಇಟ್ಟರೆ ಉಕ್ಕೋವರೆಗೂ ಒಲೆ ಬಿಟ್ಟು ಕದಲ್ತಿರಲಿಲ್ಲ. ಅಂಥವನಿಗೆ ಅಜಾಗರೂಕ ಅಂತಾರೆ” ಎಂದಳು. ಅಪ್ಪ ಸತ್ತ ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಬಗ್ಗೆ ಆಡಿದ ಮೊದಲ ಮಾತು ಇದು. ಸಮವಸ್ತ್ರದ ಕಾಲರಿಗೆ ಗುಂಡಿ ಹಾಕುತ್ತ ಆಡಿದಳು.

ಸಮುದ್ರ ದಾಟಿದವನ ನಕ್ಷೆ ಬೇಡ. ಮೂರನೇ ಹಾರಾಟ ದಾಟಲಾಗದವನದ್ದು ಕಳಿಸಿ.

ಚೂಟಿ


ಮಾರ್ಚ್ 9

ಪ್ರೀತಿಯ ಚೂಟಿಗೆ,

ತಗಡಿನ ಕೊಳವೆಯಲ್ಲಿ ನಕ್ಷೆ ಸುತ್ತಿ ಕಳಿಸಿದ್ದೇನೆ. ಹಳೆಯದನ್ನು ನೋಡಿಕೊಂಡು, ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಹೊಸದಾಗಿ ಬರೆದದ್ದು. ರೆಕ್ಕೆ ಮೂವತ್ತು ಇಂಚು, ಹಿಂದಿನ ಬಾಲದ ರೆಕ್ಕೆ ಹತ್ತು ಇಂಚು.

ರೆಕ್ಕೆಯೊಳಗಿನ ಪಕ್ಕೆಗಳನ್ನು ಒಂದೇ ಹಲಗೆಯಿಂದ ಕತ್ತರಿಸು, ಇಲ್ಲದಿದ್ದರೆ ಒಂದು ರೆಕ್ಕೆ ಭಾರ, ಒಂದು ಹಗುರ ಆಗುತ್ತದೆ. ಮೇಲೆ ಹೊದಿಸಲು ತೆಳು ಕಾಗದ ಸಾಕು, ನೀರು ಚಿಮುಕಿಸಿದರೆ ಒಣಗುತ್ತ ಬಿಗಿಯುತ್ತದೆ. ನಿನ್ನ ಬೈಂಡಿಂಗ್ ಅಂಟನ್ನು ಮಾತ್ರ ಬಳಿಯಬೇಡ. ಪುಸ್ತಕದ ಬೆನ್ನಿಗೆ ಅದು ಸರಿ, ವಿಮಾನದ ಬಾಲಕ್ಕೆ ಹಚ್ಚಿದರೆ ಹಿಂದೆ ಕಲ್ಲು ಕಟ್ಟಿದ ಹಾಗೆ. ರಬ್ಬರ್ ಎಳೆಗೆ ಸ್ವಲ್ಪ ಹರಳೆಣ್ಣೆ ಸವರಿ ತಿರುಚು.

ನಕ್ಷೆಯ ಅಳತೆಯನ್ನು ಒಂದು ಕೂದಲೆಳೆಯಷ್ಟೂ ಬದಲಿಸಬೇಡ. ಬೇರೆ ಯಾರ ನಕ್ಷೆಯನ್ನೂ, ಯಾವ ಚಿತ್ರವನ್ನೂ ನೋಡಬೇಡ. ಗೊಂದಲವಾಗುತ್ತದೆ.

ಮಾವ


ಮಾರ್ಚ್ 27

ಮಾವ,

ಹಾರಿತು.

ಪ್ರೆಸ್ಸಿನ ಹಿಂದಿನ ಆಟದ ಮೈದಾನದಲ್ಲಿ, ಭಾನುವಾರ ಬೆಳಗ್ಗೆ ಆರೂವರೆಗೆ, ಗಾಳಿ ಏಳುವ ಮೊದಲು. ಅಚ್ಚುಮೊಳೆ ಜೋಡಿಸುವ ನಮ್ಮ ಕಂಪೋಸಿಟರ್ ಅಣ್ಣ ಕೈಗಡಿಯಾರ ಹಿಡಿದು ಬಂದಿದ್ದ. ದಾರಿಯುದ್ದಕ್ಕೂ ಗೇಲಿ ಮಾಡಿದ: “ಬೀಳಲಿ ಅಂತ ವಿಮಾನ ಕಟ್ಟಿದವಳು ಪ್ರಪಂಚದಲ್ಲಿ ನೀನೊಬ್ಬಳೇ ಕಣೇ.” ಇನ್ನೂರು ಸುತ್ತು ತಿರುಚಿ ಕೈಬಿಟ್ಟೆ. ಏರಿತು, ಎಡಕ್ಕೆ ದೊಡ್ಡ ಸುತ್ತು ಹಾಕಿತು, ರಬ್ಬರ್ ಬಿಚ್ಚಿಕೊಂಡ ಮೇಲೂ ತೇಲುತ್ತ ಬಂದು ಹುಲ್ಲಿನ ಮೇಲೆ ಕೂತಿತು. ಮೂವತ್ತೊಂದು ಸೆಕೆಂಡು. ಅಣ್ಣ ಚಪ್ಪಾಳೆ ತಟ್ಟಿದ. ನನ್ನ ಮುಖ ನೋಡಿ ಕೈ ಅಲ್ಲೇ ನಿಲ್ಲಿಸಿದ.

ಇನ್ನೂ ಒಂಬತ್ತು ಸಲ ಹಾರಿಸಿದೆ. ಒಂಬತ್ತು ಸಲವೂ ಮಲ್ಲಿಗೆ ಹೂವಿನ ಹಾಗೆ ಇಳಿಯಿತು.

ಇಷ್ಟು ಒಳ್ಳೆಯ ವಿಮಾನವನ್ನು ನೆಲಕ್ಕೆ ಗುದ್ದಲು ನಿಜವಾಗಿ ಅಜಾಗರೂಕತೆಯೇ ಬೇಕು, ಅಲ್ಲವೇ? ಎರಡು ವಾರದಿಂದ ಬೈಂಡಿಂಗ್ ಮೇಜಿನ ಕೆಳಗೆ ಅಡಗಿಸಿಟ್ಟು, ಊಟ ಬಿಟ್ಟು, ಬೆರಳು ಕುಯ್ದುಕೊಂಡು ನಾನು ಕಟ್ಟಿದ್ದು ಅಪ್ಪನ ವಿರುದ್ಧದ ಸಾಕ್ಷಿಯನ್ನು. ಪ್ರಯೋಗ ಸುಳ್ಳು ಹೇಳುವುದಿಲ್ಲ ಎಂದು ಜಂಬದಿಂದ ಬರೆದವಳೂ ನಾನೇ. ಈಗ ಒಪ್ಪಿಕೊಳ್ಳಬೇಕು. ಒಪ್ಪಲು ಆಗುತ್ತಿಲ್ಲ. ಮನೆಯಲ್ಲಿ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಸೈಕಲ್ ತುಳಿದುಕೊಂಡು ಊರು ಸುತ್ತಿ ಬರುತ್ತೇನೆ, ಬಂದರೆ ಅಮ್ಮ ಹೊಲಿಗೆಯಿಂದ ತಲೆಯೆತ್ತಿ ನೋಡಿ ಮತ್ತೆ ಯಂತ್ರ ತುಳಿಯುತ್ತಾಳೆ.

ನೀವು ಅಲ್ಲಿದ್ದಿರಿ, ಕಣ್ಣಾರೆ ನೋಡಿದ್ದೀರಿ. ಅಪ್ಪ ತಪ್ಪು ಮಾಡಿದನೇ ಮಾವ? ಹೌದು ಎನ್ನಿ ಅಥವಾ ಅಲ್ಲ ಎನ್ನಿ.

ಚೂಟಿ


ಮಾರ್ಚ್ 30

ಪ್ರೀತಿಯ ಚೂಟಿಗೆ,

ಕಾಗದ ಇವತ್ತೇ ಸಿಕ್ಕಿತು, ಇವತ್ತೇ ಬರೆಯುತ್ತಿದ್ದೇನೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎಂಥ ಜಾಣ ಚಾಲಕನಿಗೂ ಒಂದು ಗಳಿಗೆ ಕೈ ತಪ್ಪುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ. ಆ ಕಾಲದ ವಿಮಾನಗಳ ಚರಿತ್ರೆ ತೆಗೆದರೆ ಪುಟಕ್ಕೆ ಒಬ್ಬರು ಹಾಗೆ ಹೋಗಿದ್ದಾರೆ. ಭಾವ ನಗುತ್ತ ಏರಿದ, ಅದನ್ನು ನೆನಪಿಟ್ಟುಕೋ. ಫಲಕದಲ್ಲಿ ಏನು ಬರೆದರೆ ಏನು, ಯಾರು ನಿಂತು ಓದುತ್ತಾರೆ? ನಿನ್ನ ಮೊದಲ ಮಾದರಿಯೇ ಮೂವತ್ತೊಂದು ಸೆಕೆಂಡು ಹಾರಿದೆ, ನನ್ನದು ನಾಲ್ಕು ಸೆಕೆಂಡಿಗೆ ಗೋಡೆಗೆ ಬಡಿದಿತ್ತು. ಇಷ್ಟಕ್ಕೇ ಬಿಟ್ಟುಬಿಡು ಮಗು.

ಮಾವ


ಏಪ್ರಿಲ್ 4

ನಕ್ಷೆಗಾರರಿಗೆ,

ನಕ್ಷೆ ಕಳಿಸಲು ನಿಮಗೆ ಒಂದು ತಿಂಗಳ ಮೇಲೆ ಹಿಡಿಯಿತು. ಬಿಟ್ಟುಬಿಡು ಎನ್ನಲು ಒಂದು ದಿನವೂ ಬೇಕಾಗಲಿಲ್ಲ. ಈ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು.

ಯಾವ ಚಿತ್ರವನ್ನೂ ನೋಡಬೇಡ ಎಂದಿದ್ದಿರಿ. ನೋಡಿದೆ. ಪುಸ್ತಿಕೆಯ ಹನ್ನೊಂದನೇ ಪುಟದ ಫೋಟೊವನ್ನು ಹ್ಯಾಂಗರಿನ ಮಾಡಿನ ಮೇಲಿಂದ ತೆಗೆದಿದ್ದಾರೆ. ವಿಮಾನ ಅಂಗಾತ ಬಿದ್ದ ಶಿಲುಬೆಯ ಹಾಗೆ ಪೂರ್ತಿ ಕಾಣುತ್ತದೆ. ಕಾಗದ ಅಳೆಯುವ ಉಕ್ಕಿನ ಪಟ್ಟಿ ಇಟ್ಟು ಅಳೆದೆ. ರೆಕ್ಕೆ ಮೂವತ್ತು ಪಾಲಾದರೆ ಬಾಲದ ರೆಕ್ಕೆ ಎಂಟೂವರೆ ಪಾಲು. ನಿಮ್ಮ ನಕ್ಷೆಯಲ್ಲಿ ಹತ್ತು. ಕಂಪೋಸಿಟರ್ ಅಣ್ಣನಿಂದಲೂ ಅಳೆಸಿದೆ. ಮೊಳೆ ಜೋಡಿಸುವವನ ಕಣ್ಣು, ಕೂದಲಷ್ಟೂ ತಪ್ಪುವುದಿಲ್ಲ. ಅವನೂ ಎಂಟೂವರೆ ಎಂದ.

ಬಾಲ ದೊಡ್ಡದು ಮಾಡಿ ನನಗೆ ಕಳಿಸಿದಿರಿ. ಯಾಕೆ? ಹಾರಲಿ ಎಂದೇ? ಹಾರಿದರೆ ಅಪ್ಪನ ತಪ್ಪು ಖಾಯಂ ಆಗುತ್ತದೆ ಎಂದು ಗೊತ್ತಿದ್ದೂ? ನಾನು ಅತ್ತು ಬರೆದಾಗಲೂ “ಕೈ ತಪ್ಪುತ್ತದೆ” ಎಂದು ಸಮಾಧಾನ ಹೇಳಿದಿರಿ. ದೊಡ್ಡ ಮನುಷ್ಯರು ಕರಪತ್ರಗಳಲ್ಲಿ ಮಾತ್ರ ಸುಳ್ಳು ಹೇಳುತ್ತಾರೆ, ನಮ್ಮ ಮನೆಯವರು ಹೇಳುವುದಿಲ್ಲ ಎಂದುಕೊಂಡಿದ್ದೆ.

ಎಂಟೂವರೆ ಇಂಚಿನ ಬಾಲ ಇವತ್ತು ಕತ್ತರಿಸಿದೆ.


ಏಪ್ರಿಲ್ 9

ನಿಮ್ಮಿಂದ ಉತ್ತರವಿಲ್ಲ. ಬೇಕಾಗಿಯೂ ಇಲ್ಲ.

ಸರಿಯಾದ ಬಾಲ ಕಟ್ಟಿ ಹಾರಿಸಿದೆ. ಏರಿತು, ಒಂದು ಕ್ಷಣ ನೆಟ್ಟಗಾಯಿತು, ಮೂಗು ಕೆಳಗೆ ಹಾಕಿತು, ಏಳಲೇ ಇಲ್ಲ. ರಿಪೇರಿ ಮಾಡಿ ಮತ್ತೆ ಹಾರಿಸಿದೆ. ಆರು ಸಲ ಹಾರಿಸಿದೆ, ಆರು ಸಲವೂ ಅದೇ. ಕಾರ್ಯದರ್ಶಿ ತೋರಿಸಿದ ವಿಚಾರಣೆಯ ವರದಿಯಲ್ಲಿ ಬರೆದ ಹಾಗೆಯೇ: “ಮೂಗು ಕೆಳಗಾಗಿ ನೇರವಾಗಿ ಅಪ್ಪಳಿಸಿತು.” ಕಂಪೋಸಿಟರ್ ಅಣ್ಣ ಮೂರನೇ ಸಲದ ನಂತರ ಗೇಲಿ ನಿಲ್ಲಿಸಿದ. ಆರನೆಯದಕ್ಕೆ ಟೋಪಿ ತೆಗೆದ.

ಇಪ್ಪತ್ತನಾಲ್ಕಕ್ಕೆ ಸಮಿತಿಯ ಮುಂದೆ ಎರಡೂ ಬಾಲಗಳನ್ನು ಇಟ್ಟು ಹಾರಿಸುತ್ತೇನೆ. ದೊಡ್ಡ ಬಾಲ, ಹಾರಿತು. ನಿಜವಾದ ಬಾಲ, ಬಿತ್ತು. ಫಲಕಕ್ಕೆ ಬರೆಯಬೇಕಾದ ಮಾತನ್ನೂ ಸಿದ್ಧಮಾಡಿದ್ದೇನೆ, ಎರಡು ಪುಟ ಆಗಿದೆ. ಅಪ್ಪ ಗೆದ್ದ. ನಿಮಗೆ ತಿಳಿಸಬೇಕೆನಿಸಿತು, ಅಷ್ಟೇ.


ಏಪ್ರಿಲ್ 14

ಚೂಟಿ,

ನಿನ್ನ ಎರಡು ಕಾಗದಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಉತ್ತರವನ್ನು ನಾಲ್ಕು ಸಲ ಬರೆದು ಹರಿದೆ.

ಮೊದಲು ಕುಶಲವಿದ್ಯೆಯ ಮಾತು ಹೇಳಿಬಿಡುತ್ತೇನೆ, ಅದು ಸುಲಭ. ನಿನ್ನ ಪ್ರಯೋಗ ಏನನ್ನೂ ಸಾಬೀತು ಮಾಡುವುದಿಲ್ಲ. ನಿಜವಾದ ವಿಮಾನದಲ್ಲಿ ಚಾಲಕ ಕೂತಿರುತ್ತಾನೆ. ಮೂಗು ಒಂದಿಷ್ಟು ಕೆಳಗಾದರೆ ಅವನ ಕೈ ಎತ್ತುತ್ತದೆ, ಮೇಲಾದರೆ ಇಳಿಸುತ್ತದೆ. ಮಾದರಿಯಲ್ಲಿ ಯಾರೂ ಇಲ್ಲ. ಕೈ ಮಾಡುವ ಕೆಲಸವನ್ನು ಬಾಲವೇ ಮಾಡಬೇಕು. ಅದಕ್ಕೇ ಮಾದರಿ ಮಾಡುವವರೆಲ್ಲ ಬಾಲವನ್ನು ಅಳತೆಗಿಂತ ದೊಡ್ಡದು ಮಾಡುತ್ತೇವೆ. ಚರಿತ್ರೆಯಲ್ಲಿ ಹೆಸರಾದ ವಿಮಾನಗಳು ಎಷ್ಟೋ, ನಿಜದ ಅಳತೆಗೆ ಕಟ್ಟಿದರೆ ನಿನ್ನದರ ಹಾಗೆಯೇ ಮೂಗು ಗುದ್ದುತ್ತವೆ. ನನ್ನ ಕಪಾಟಿನ ನಲವತ್ತರಲ್ಲೂ ಬಾಲ ಸುಳ್ಳೇ. ಸಮಿತಿಯಲ್ಲಿ ಒಬ್ಬ ಮಾದರಿಗಾರನಿದ್ದರೆ ಒಂದು ನಿಮಿಷದಲ್ಲಿ ಇದನ್ನು ಹೇಳಿ ನಿನ್ನನ್ನು ಕೂರಿಸುತ್ತಾನೆ.

ನನಗೆ ಗೊತ್ತಿರುವ ಮಟ್ಟಿಗೆ ಅಂಥವರು ಯಾರೂ ಇಲ್ಲ. ಅವರು ನಂಬುತ್ತಾರೆ.

ಇನ್ನು ಎರಡನೆಯ ಮಾತು. ನಾನು ನಿನಗೆ ಕಳಿಸಿದ ಹತ್ತು ಇಂಚು, ಮಾದರಿಗೆಂದು ಹಿಗ್ಗಿಸಿದ್ದಲ್ಲ. ನಾನು ಮೊದಲು ಬರೆದ ನಕ್ಷೆಯಲ್ಲಿ ಬಾಲದ ರೆಕ್ಕೆ ಹತ್ತು ಅಡಿಯೇ ಇತ್ತು. ವಿಮಾನವನ್ನು ರಾಜಧಾನಿಯ ಮೇಳಕ್ಕೆ ಗೂಡ್ಸ್ ರೈಲಿನಲ್ಲಿ ಕಳಿಸಬೇಕೆಂದು ಕಾರ್ಯಾಗಾರದ ಮೇಲಿನವರು ತೀರ್ಮಾನಿಸಿದರು. ರೆಕ್ಕೆ ಬಿಚ್ಚಬಹುದಿತ್ತು, ಬಾಲ ಮೈಗೆ ಕೂಡಿಕೊಂಡಿತ್ತು. ಡಬ್ಬಿಯೊಳಗೆ ಹಿಡಿಸಲಿಲ್ಲ. ಎರಡೂ ಕಡೆ ಒಂದೊಂದು ಗೇಣು ಕತ್ತರಿಸು ಎಂದರು. ನನಗೆ ಇಪ್ಪತ್ತಾರು ವರ್ಷ, ಮೊದಲ ನೌಕರಿ. ಹೊಸ ನಕ್ಷೆ ಬರೆದು ಸಹಿ ಹಾಕಿದೆ. ಮೇಳ ಮುಗಿದು ವಾಪಸು ಬಂದ ಮೇಲೆ ಬಾಲವನ್ನು ಮೊದಲಿನ ಹಾಗೆ ಕಟ್ಟುವುದೆಂದು ಮಾತಾಗಿತ್ತು. ಮೇಳಕ್ಕೆ ಮುಂಚೆ ಮೂರು ಹಾರಾಟ ಮಾತ್ರ.

ಎರಡನೇ ಹಾರಾಟದ ನಂತರ ನಿನ್ನಪ್ಪ ನನ್ನ ಮೇಜಿಗೆ ಬಂದ. “ಮೂಗು ಭಾರ ಕಣಯ್ಯ, ಎಳೆದೆಳೆದು ತೋಳು ಬಿದ್ದು ಹೋಯ್ತು. ಬಾಲ ನೋಡು ಸ್ವಲ್ಪ” ಎಂದ. ನಾನು, “ಇನ್ನೊಂದೇ ಸಲ ಭಾವ, ಆಮೇಲೆ ಸರಿ ಮಾಡ್ತೀನಿ” ಎಂದೆ. ಅವನು ನಕ್ಕ. ಮರುದಿನ ಬೆಳಗ್ಗೆ ಏರಿದ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ವಿಮಾನ ನಕ್ಷೆಯ ಪ್ರಕಾರ ಇತ್ತೇ? ಹೌದು ಎಂದೆ. ಅದು ನಿಜ.

ಮೊದಲ ನಕ್ಷೆಯನ್ನು ನಿನಗೆ ಯಾಕೆ ಕಳಿಸಿದೆ? ಆ ವಿಮಾನ ನಾನು ಬರೆದ ಹಾಗೆ ಇದ್ದಿದ್ದರೆ ಹೇಗೆ ಹಾರುತ್ತಿತ್ತೋ ಒಮ್ಮೆಯಾದರೂ ತಿಳಿಯಬೇಕೆಂಬ ಆಸೆ. ಹಾರಿತು ಎಂದು ನೀನು ಬರೆದಾಗ ನನಗಾದ ಸಂತೋಷದ ಬಗ್ಗೆ ನಾಚಿಕೆಯಾಗುತ್ತದೆ. ಅದರ ಅರ್ಥ ನಿನಗೆ ಏನಾಗುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ಅದು ನನಗೆ ಅನುಕೂಲವಾಗಿತ್ತು.

ಈಗ ನಿನ್ನ ಇಷ್ಟ. ನಿನ್ನ ಪ್ರಯೋಗವನ್ನು ತೋರಿಸು, ಗೆಲ್ಲುತ್ತೀ. ನಾನು ಬಾಯಿ ಬಿಡುವುದಿಲ್ಲ. ವಿಮಾನದ ದೋಷ ಎಂದಾಗುತ್ತದೆ, ಯಾರದೆಂದು ಯಾರೂ ಕೇಳುವುದಿಲ್ಲ.

ಮಾವ


ಏಪ್ರಿಲ್ 17

ಮಾವ,

ನಿಮ್ಮ ಕಾಗದವನ್ನು ಪ್ರೆಸ್ಸಿನ ಗೋದಾಮಿನಲ್ಲಿ, ಕಾಗದದ ರೀಮುಗಳ ಮಧ್ಯೆ ಕೂತು ಓದಿದೆ. ಓದಿ ಕಟ್ಟಿಂಗ್ ಮೆಷೀನಿಗೆ ಹೋಗಿ ಒಂದು ಗಂಟೆ ಕೆಲಸ ಮಾಡಿದೆ. ಏನು ಕತ್ತರಿಸಿದೆನೋ ಗೊತ್ತಿಲ್ಲ, ಮೇಸ್ತ್ರಿ ಬೈದರು.

ಸುಳ್ಳು ಪ್ರಯೋಗದಿಂದ ನಿಜ ಗೆಲ್ಲಿಸಬಹುದು ಎನ್ನುತ್ತೀರಿ. ಎರಡು ದಿನ ಅದನ್ನೇ ಅಗಿದೆ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಈಗ ಗೊತ್ತಿದೆ. ಗೊತ್ತಿದ್ದೂ ಎರಡು ಬಾಲ ಹಿಡಿದು ಸಮಿತಿಯ ಮುಂದೆ ನಿಂತರೆ, “ವಿಮಾನ ನಕ್ಷೆಯ ಪ್ರಕಾರವೇ ಇತ್ತು” ಎಂದವರ ಪಕ್ಕದಲ್ಲಿ ನಾನೂ ಹೋಗಿ ನಿಂತ ಹಾಗೆ.

ಕಾರ್ಯದರ್ಶಿಯ ಬಳಿ ಹೋಗಿ ನನ್ನ ಮಾದರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳಿ ಬಂದೆ. ಅವರಿಗೆ ಆಶ್ಚರ್ಯ. “ಹಾಗಾದರೆ ಫಲಕ ಇದ್ದ ಹಾಗೇ ಇರಲಾ?” ಎಂದರು. ತಿಳಿದವರೊಬ್ಬರು ಇದ್ದಾರೆ, ಇಪ್ಪತ್ತನಾಲ್ಕಕ್ಕೆ ಬರಬಹುದು ಎಂದೆ. ಯಾರೆಂದು ಹೇಳಲಿಲ್ಲ.

ನಿಮ್ಮ ಕಾಗದವನ್ನು ನಾನು ಓದಿ ಹೇಳುವುದಿಲ್ಲ. ಅದು ನನಗೆ ಬರೆದದ್ದು. ನೀವೇ ಬರಬೇಕು. ಬಾರದಿದ್ದರೆ ಫಲಕ ಹಾಗೆಯೇ ಗೋಡೆ ಏರುತ್ತದೆ, ಅಪ್ಪ ಅದರಲ್ಲೇ ಇರುತ್ತಾನೆ. ಸಭೆ ಹನ್ನೊಂದು ಗಂಟೆಗೆ.

ಚೂಟಿ


ಏಪ್ರಿಲ್ 25

ಪ್ರೀತಿಯ ಚೂಟಿಗೆ,

ಸಭೆ ಮುಗಿದ ಕೂಡಲೇ ನಿನಗೂ ಹೇಳದೆ ಬಸ್ಸು ಹತ್ತಿದೆ. ಅಕ್ಕನ ಮನೆ ಎರಡು ಬೀದಿ ಆಚೆ ಇತ್ತು. ಕಾಲು ಆ ಕಡೆ ಬರಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದು ಕಾರ್ಯದರ್ಶಿ ಕೇಳಿದಾಗ ನಾನು ಹಳೆಯ ನಕ್ಷೆಗಳೆರಡನ್ನೂ ಅವರ ಮುಂದೆ ತಳ್ಳಿದೆ. ನೀನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಲ್ಲಿ ಹೇಳದ ಉತ್ತರ ಇದು: ಮೊದಲ ವರ್ಷ ನೌಕರಿಯ ಹೆದರಿಕೆ. ಆಮೇಲೆ ಹೆದರಿಕೆ ಹೋಯಿತು, ಹೇಳದೆ ಇದ್ದದ್ದೇ ದೊಡ್ಡ ತಪ್ಪಾಗಿ ಬೆಳೆದು ನಿಂತಿತ್ತು.

ಫಲಕದ ಮಾತನ್ನು ನೀನೇ ಬರೆಯಬೇಕೆಂದು ಸಮಿತಿ ಹೇಳಿತಲ್ಲ. ನಿನ್ನಲ್ಲಿ ಒಂದು ಕೇಳಿಕೆ. ಕೇಳಲು ನನಗೆ ಹಕ್ಕಿಲ್ಲ, ಆದರೂ ಕೇಳುತ್ತೇನೆ. ನನ್ನ ಹೆಸರು ಬೇಡ. “ನಕ್ಷೆಗಾರ” ಎಂದಷ್ಟೇ ಹಾಕು. ಇಲ್ಲಿ ಕಾರ್ಖಾನೆಯಲ್ಲಿ ಇನ್ನು ಎಂಟು ವರ್ಷ ನೌಕರಿ ಇದೆ. ಎಳೆಯರು ನಕ್ಷೆ ಕಲಿಯಲು ನನ್ನ ಬಳಿ ಕೂರುತ್ತಾರೆ.

ಮಾವ


ಏಪ್ರಿಲ್ 29

ಮಾವ,

ಫಲಕದ ಅಕ್ಷರಗಳನ್ನು ಕಂಪೋಸಿಟರ್ ಅಣ್ಣ ನಿನ್ನೆ ಜೋಡಿಸಿದ. ನನ್ನ ಎರಡು ಪುಟ ಹರಿದು ಹಾಕಿದೆ, ಐದು ಸಾಲು ಉಳಿಯಿತು. ಬಾಲ ಎಷ್ಟಿತ್ತು, ಎಷ್ಟಾಯಿತು, ಯಾಕಾಯಿತು, ಚಾಲಕ ಏನು ಹೇಳಿದ, ಅದನ್ನು ಯಾರಿಗೆ ಹೇಳಿದ. ನಿಮ್ಮ ಹೆಸರು ಹಾಕಿದ್ದೇನೆ. ಅಪ್ಪನ ಹೆಸರು ಯಾವ ಗಾತ್ರದ ಅಕ್ಷರದಲ್ಲಿದೆಯೋ ಅದೇ ಗಾತ್ರದಲ್ಲಿ. ಕತ್ತರಿಸಲು ಹೇಳಿದ ಮೇಲಿನವರ ಹೆಸರುಗಳನ್ನೂ ನಿಮ್ಮ ಎರಡನೇ ನಕ್ಷೆಯ ಮೂಲೆಯಲ್ಲಿದ್ದ ಒಪ್ಪಿಗೆಯ ಸಹಿಗಳಿಂದ ಎತ್ತಿ ಹಾಕಿದ್ದೇನೆ. ಕಡೆಯ ಸಾಲಿನಲ್ಲಿ, ಇದನ್ನು ತಾನಾಗಿ ಬಂದು ತಿಳಿಸಿದವನು ನಕ್ಷೆಗಾರನೇ ಎಂದಿದೆ. ನಿಮ್ಮ ಬಳಿ ಕೂತು ಕಲಿಯುವವರು ಓದಿದರೆ ಪೂರ್ತಿ ಓದಲಿ.

ಅಮ್ಮನಿಗೆ ಎಲ್ಲ ಹೇಳಿದೆ. ಸಂಜೆಯವರೆಗೆ ಯಂತ್ರ ತುಳಿದಳು. ಆರು ಅಂಗಿ ಹೊಲಿದಳು. ಆಮೇಲೆ, “ಅವತ್ತು ಬೆಳಗ್ಗೆ ನಿನ್ನ ಮಾವನಿಗೆ ಗೊತ್ತಿತ್ತಾ?” ಎಂದಳು. ಹೂಂ ಎಂದೆ. ದಾರ ಕಡಿದಳು. “ಬರೋಕ್ಕೆ ಹೇಳು.”

“ಕ್ಷಮಿಸಿದೆಯಾ ಅಮ್ಮ?”

“ಅದು ನಿನಗ್ಯಾಕೆ? ಬರೋಕ್ಕೆ ಹೇಳು ಅಂದೆ. ನನ್ನ ತಮ್ಮ, ಅವನ ಬಾಯಲ್ಲೇ ಕೇಳ್ತೀನಿ.”

ಮೃದುವಾಗಿ ಹೇಳಿದಳು ಎಂದು ಬರೆಯಲಾರೆ. ಗಟ್ಟಿಯಾಗಿಯೂ ಹೇಳಲಿಲ್ಲ. ಬೆಳಗಿನ ಬಸ್ಸಿಗೆ ಬನ್ನಿ. ಕೇಳುವುದು ಬಹಳ ಇದೆಯಂತೆ, ಮಧ್ಯಾಹ್ನದ ಬಸ್ಸಿಗೆ ಬಂದರೆ ಒಂದೇ ದಿನಕ್ಕೆ ಮುಗಿಯುವುದಿಲ್ಲ.

ಚೂಟಿ